ಪಡಸಾಲೆಯ ಐಸ್ ಪೆಟ್ಟಿಗೆ

ಅಂಜುಬುರುಕರು ಸಮಾಜಸೇವೆಗೆ ಇಳಿಯಬಾರದು. ಇಳಿದರೂ ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಕೂಡಬಾರದು. ಈ ಎರಡೂ ತಪ್ಪು ಮಾಡಿದ ನನ್ನ ಮನೆಯ ಪಡಸಾಲೆಯಲ್ಲಿ ಈಗ ಹೆಣ ಇಡುವ ಐಸ್ ಪೆಟ್ಟಿಗೆ ಇದೆ. ಹಲ್ಲಿ ಲೊಚಗುಟ್ಟಿದರೆ ಎದೆ ಮುಟ್ಟಿಕೊಳ್ಳುವವನು ನಾನು. ಸುರಪುರದ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೂ ಒಮ್ಮೆಯೂ ಕಾಲುವೆಯ ದಂಡೆಗೆ ಹೋಗಿ ನಿಂತವನಲ್ಲ. ಕಾಲು ಜಾರಿದರೆ ಏನು ಗತಿ? ಅಂಥವನಿಗೇ ಇದು ಒದಗಬೇಕೆ? ಹೆದರಿದವನ ಮೇಲೆ ಹಾವು ಎಸೆದರು ಅನ್ನುವುದು ಇದಕ್ಕೇ.

ನಮ್ಮ ಗೆಳೆಯರ ಸೇವಾ ಬಳಗದ ಚರಿತ್ರೆ ದೊಡ್ಡದೇನಲ್ಲ. ಈ ಸೀಮೆಗೆ ಕಾಲುವೆ ನೀರು ಬಂದ ಹೊಸದರಲ್ಲಿ, ಬಸ್ ಸ್ಟ್ಯಾಂಡಿನ ಮುಂದೆ ಅರವಟ್ಟಿಗೆ ಇಟ್ಟು ಶುರು ಮಾಡಿದ್ದು. ಆಮೇಲೆ ಕಣ್ಣಿನ ಶಿಬಿರ ನಡೆಸಿದೆವು. ಅಧ್ಯಕ್ಷ ಭೀಮಣ್ಣನವರ ಭಾಷಣ ಮುಗಿಯುವಷ್ಟರಲ್ಲಿ ಡಾಕ್ಟರರು ಊಟಕ್ಕೆ ಎದ್ದು ಹೋಗಿದ್ದರು. ಜೋಳದ ಹೊಲಗಳು ಭತ್ತದ ಗದ್ದೆಗಳಾಗಿ, ಭೀಮಣ್ಣನವರ ಗೊಬ್ಬರದ ಅಂಗಡಿ ದೊಡ್ಡದಾದ ಮೇಲೆ ಬಳಗಕ್ಕೂ ಉಮೇದು ಹೆಚ್ಚಿತು. ನಮ್ಮ ಬಿಸಿಲಿಗೆ ಹೆಣವನ್ನು ಹೆಚ್ಚು ಹೊತ್ತು ಇಡುವ ಹಾಗಿಲ್ಲ. ದುಡಿಯಲು ಪುಣೆ, ಮುಂಬೈ ಕಡೆ ಹೋದವರು ರೈಲಿನಲ್ಲಿ ಯಾದಗಿರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಊರು ಮುಟ್ಟುವುದರೊಳಗೆ ಮಣ್ಣು ಮಾಡಿ ಮುಗಿದಿರುತ್ತಿತ್ತು. ಹೆತ್ತವರ ಮುಖವನ್ನೂ ಕಾಣದೆ ಅಳುವವರನ್ನು ನೋಡಲಾರದೆ ಬಳಗ ಐಸ್ ಪೆಟ್ಟಿಗೆ ತರಿಸಿತು. ಒಳ್ಳೆಯ ಕೆಲಸವೇ. ಆದರೆ ಇಡುವುದೆಲ್ಲಿ?

"ನನ್ನ ಅಂಗಡ್ಯಾಗ ಯೂರಿಯಾ ಚೀಲ ತುಂಬ್ಯಾವ್ರಿ," ಎಂದರು ಭೀಮಣ್ಣ. "ನಮ್ಮ ಸೊಸಿ ಬಸುರಿ ಅದಾಳ್ರಿ," ಎಂದರು ಖಜಾಂಚಿ. ಎಲ್ಲರೂ ಕಾರ್ಯದರ್ಶಿಯಾದ ನನ್ನತ್ತ ತಿರುಗಿದರು. ನನಗೋ ಸಭೆಯಲ್ಲಿ ಮಾತಾಡಲು ಅಂಜಿಕೆ. ಮಿರ್ಚಿ ಭಜಿ ಬಾಯಲ್ಲಿಟ್ಟುಕೊಂಡು ತೆಪ್ಪಗೆ ಕೂತೆ. "ಸರ್ ಒಪ್ಯಾರ!" ಎಂದು ಭೀಮಣ್ಣ ಚಪ್ಪಾಳೆ ತಟ್ಟಿಸಿದರು.

ಗೂಡ್ಸ್ ಆಟೋದಿಂದ ಪೆಟ್ಟಿಗೆ ಇಳಿದಾಗ ನನ್ನ ಹೆಂಡತಿ ಶಾಂತಾ ಬಾಗಿಲಲ್ಲಿ ನಿಂತಿದ್ದಳು. "ಮನಿಗೊಂದು ಫ್ರಿಜ್ ತರ್ರಿ ಅಂತ ಮದುವಿ ಆದಾಗಿಂದ ಬಡಕೊಂಡೆ. ಕಡೀಗೂ ತಂದ್ರಲ್ಲ!" ಎಂದಳು. ಅಂದಿನಿಂದ ನಾನು ಪಡಸಾಲೆಯಲ್ಲಿ ಗೋಡೆಗೆ ಒರಸಿಕೊಂಡೇ ಓಡಾಡಿದೆ. ಸುತ್ತಲ ಊರುಗಳಲ್ಲಿ ಯಾರಾದರೂ ತೀರಿಕೊಂಡರೆ ಭೀಮಣ್ಣ ಅದನ್ನು ಆಟೋದಲ್ಲಿ ಒಯ್ದು, ಮತ್ತೆ ತಂದಿಡುತ್ತಿದ್ದರು. ವೈರು ಕಿತ್ತಿಟ್ಟಿದ್ದರೂ ಪೆಟ್ಟಿಗೆ ಗುಂಯ್ ಅಂದಂತೆ ಕೇಳುತ್ತಿತ್ತು. ಒಂದು ಸಂಜೆ ಭಜಿಯ ಗ್ಯಾಸಿಗೆ ಎದೆ ಹಿಡಿದಾಗ ಕಣ್ಣು ತಾನಾಗಿ ಅತ್ತ ಹೋಯಿತು. ಉದ್ದ ನನ್ನ ಅಳತೆಗೆ ಸರಿಯಾಗಿತ್ತು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಮಗಳು ಮಾದೇವಿಯನ್ನು ನೋಡಲು ಶಹಾಪುರದಿಂದ ಬಂದವರು ಪೆಟ್ಟಿಗೆ ಕಂಡು ಚಹಾ ಕೂಡ ಕುಡಿಯದೆ ಎದ್ದುಹೋದರು. ಮಾದೇವಿ ಊಟ ಬಿಟ್ಟಳು. ನನ್ನ ಅಂಜಿಕೆ ಮಗಳ ಬಾಳಿಗೇ ಅಡ್ಡ ಬಂತಲ್ಲ! ಆಮೇಲೆ ದೇವಾಪುರದ ಸಂಬಂಧ ಬಂತು. ಹುಡುಗ ಶಾಲಾ ಮಾಸ್ತರ. ಅವನ ಫೋಟೋವನ್ನು ಮಾದೇವಿ ಅಮ್ಮನಿಗೆ ಹಿಂದಿರುಗಿಸಿರಲಿಲ್ಲ. ಇದೂ ತಪ್ಪಿದರೆ ಅವಳಿಗೆ ಮುಖ ತೋರಿಸುವುದು ಹೇಗೆ?

ಅವರು ಬರುವ ದಿನ ಶಾಂತಾ ಪೆಟ್ಟಿಗೆಯ ಮೇಲೆ ಹಲಗೆ ಜೋಡಿಸಿ, ನೆಲ ಮುಟ್ಟುವ ಹಾಗೆ ಕೌದಿ ಹೊದಿಸಿ, ಲೋಡು ಇಟ್ಟಳು. ಅಪ್ಪಟ ದಿವಾನ! ಯಾರೂ ಅದರ ಮೇಲೆ ಕೂಡದಂತೆ ಕುರ್ಚಿಗಳನ್ನು ಸಾಲಾಗಿ ಹಾಕಿದೆವು. ಹುಡುಗನ ತಂದೆ ಮಲ್ಲಣ್ಣ ಒಳಗೆ ಬಂದವರೇ ಕುರ್ಚಿಗಳನ್ನೆಲ್ಲ ದಾಟಿ, "ನಡಾ ನೋಯಾಕತ್ತದ್ರಿ," ಎಂದು ನೆಟ್ಟಗೆ ಹೋಗಿ ಲೋಡಿಗೆ ಒರಗಿದರು. ಆಸಾಮಿ ಒಳ್ಳೆ ಗಟ್ಟಿಯಾಗಿದ್ದರು. ಹಲಗೆಯ ಕೆಳಗೆ ಗಾಜಿನ ಮುಚ್ಚಳ. ಹಲಗೆ ಕಿರ್ ಅಂದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಮಂಡಕ್ಕಿಯ ಸೂಸಲದ ತಟ್ಟೆ ಕೊಡಲು ಬಂದ ಮಾದೇವಿ, "ಅಪ್ಪಾ, ನಡುಗಬ್ಯಾಡ," ಎಂದು ಮೆಲ್ಲಗೆ ಅಂದಳು. ಹೆಣ್ಣು ನೋಡಲು ಬಂದವರ ಮುಂದೆ ಬೆವರಿದವನು ಹೆಣ್ಣಿನ ಅಪ್ಪ!

ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಭೀಮಣ್ಣ ಅಲ್ಲಿಂದಲೇ ಕೂಗಿದರು: "ಸರ್, ಲಗೂ ಪೆಟ್ಟಿಗಿ ಕೊಡ್ರಿ. ರಂಗಂಪೇಟ್ಯಾಗ ಒಬ್ಬ ಮುದುಕಿ ಹೋಗ್ಯಾಳ."

"ಯಾವ ಪೆಟ್ಟಿಗಿರಿ?" ಎಂದೆ.

"ಹೆಣದ ಪೆಟ್ಟಿಗಿರಿ! ಅಲ್ಲೇ ಕುಂತಾರಲ್ಲ, ಅವರ ಬುಡಕ!"

ಮಲ್ಲಣ್ಣ ಎದ್ದರು. ಕೌದಿಯ ಅಂಚು ಎತ್ತಿ ನೋಡಿದರು. ಮುಗಿಯಿತು ಎಂದುಕೊಂಡೆ. ಮಾದೇವಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಅವರು ಕೌದಿ ಸರಿಸಿ, ಹಲಗೆಗಳನ್ನು ಪಕ್ಕಕ್ಕೆ ಇಳಿಸಿದರು. ಕೊನೆಗೆ ಮುಚ್ಚಳದ ಮೇಲೆ ಕೈಯಿಟ್ಟು, "ಹ್ವಾದ ಬ್ಯಾಸಿಗ್ಯಾಗ ನಮ್ಮ ಅವ್ವನ್ನ ಇದರಾಗ ಮಲಗಿಸಿದ್ವಿ," ಎಂದರು. "ಪುಣೆದಿಂದ ತಂಗಿ ಬಂದು ಮಾರಿ ನೋಡಿದ ಮ್ಯಾಲೆ ಮಣ್ಣು ಮಾಡಿದ್ವಿ. ಇದು ನಿಮ್ಮ ಮನ್ಯಾಗ ಇರ್ತದಂತ ಗೊತ್ತಿರಲಿಲ್ಲ." ಆಮೇಲೆ ಮಗನತ್ತ ತಿರುಗಿ ಗದರಿದರು: "ಏನ್ ನೋಡಾಕತ್ತಿ? ಹಿಡಿ ಆ ಕಡಿ!"

ಮದುವೆ ಗೊತ್ತಾಯಿತು. ಹೆಣ್ಣು ನೋಡಲು ಬಂದು ಹೆಣದ ಪೆಟ್ಟಿಗೆ ಹೊತ್ತ ಅಳಿಯ ಈ ಸೀಮೆಯಲ್ಲಿ ಇವನೊಬ್ಬನೇ ಇರಬೇಕು. ನಾನು ಹಿಗ್ಗಿ ಮುಂದಿನ ಸಭೆಯಲ್ಲಿ ಪೇಢೆ ಹಂಚಿದೆ. ಭೀಮಣ್ಣ ಪೇಢೆ ಬಾಯಿಗೆ ಹಾಕಿಕೊಂಡು ಎದ್ದು ನಿಂತರು. "ಒಂದು ಪೆಟ್ಟಿಗಿ ಸಾಲವಲ್ದು, ಇನ್ನೊಂದು ತರೋಣು. ಇಡಾಕ ಚಿಂತಿಲ್ಲ. ಮಗಳು ಹ್ವಾದ ಮ್ಯಾಲೆ ಸರ್ ಮನ್ಯಾಗ ಒಂದ್ ಖೋಲಿ ಖಾಲಿ ಆಗ್ತದ."

ನಾನು ಎದ್ದೆ. ಬಳಗದ ಚರಿತ್ರೆಯಲ್ಲೇ ಮೊದಲ ಸಲ ಸಭೆಯಲ್ಲಿ ಎದ್ದು ನಿಂತೆ. ಆ ಖೋಲಿ ಖಾಲಿಯಾಗುವುದಿಲ್ಲ, ಅವಳು ಬಂದು ಹೋಗಿ ಮಾಡುತ್ತಾಳೆ, ಅವಳ ಮಂಚ ಅಲ್ಲೇ ಇರುತ್ತದೆ ಎಂದು ಹೇಳಬೇಕಿತ್ತು. ಬಾಯಿ ತೆರೆದೆ, ಗಂಟಲು ಕಟ್ಟಿತು. ಈ ಸಲ ಅದು ಅಂಜಿಕೆಯಿಂದಲ್ಲ ಎಂದರೆ ಯಾರು ನಂಬುತ್ತಾರೆ? "ಸರ್ ಒಪ್ಯಾರ!" ಎಂದರು ಭೀಮಣ್ಣ. ಎಲ್ಲರೂ ಚಪ್ಪಾಳೆ ತಟ್ಟಿದರು.