ಕಸೂಲನ ಏಳನೆಯದು

ಗಿಟಾರಿಗೆ ಇರುವುದು ಆರೇ ತಂತಿ. ತನಗಿರುವುದು ಹತ್ತು ಬೆರಳು. ಹತ್ತು ಬೆರಳಿನ ಗಂಡಸು ಆರು ತಂತಿಗೆ ಹೆದರುವುದುಂಟೇ! ಹೀಗೆ ಲೆಕ್ಕ ಹಾಕಿ ಉಬಿರಾಜಾರಾ, ಅಂದರೆ ಎಲ್ಲರ ಬಾಯಲ್ಲಿ ಬಿರಾ, ತಲೆ ನರೆತ ಮೇಲೆ ಗಿಟಾರ್ ಕಲಿಯಲು ಹೊರಟ. ತನ್ನ ಬೆರಳುಗಳ ಮೇಲೆ ಅವನಿಗೆ ಅಪಾರ ನಂಬಿಕೆ. ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. "ರಿಯೋದ ಅರ್ಧ ಜನ ಬಾಯಿ ತುಂಬ ನಗೋದು ಈ ಬೆರಳುಗಳ ದಯೆಯಿಂದ" ಎಂದು ಮೆಯೇರ್ ಬಡಾವಣೆಯ ಬೇಕರಿಯಲ್ಲಿ ನಿಂತು ಸಾರುತ್ತಿದ್ದ. ಆ ಅರ್ಧ ಜನರಲ್ಲಿ ತನ್ನ ಹೆಂಡತಿ ಇಲ್ಲ ಎಂಬುದೇ ಅವನ ಸಂಕಟವಾಗಿತ್ತು.

ಆ ಹೆಂಡತಿ ಲಿಂಡಾಲ್ವಾ ಹಿಂದೆ ಹಾಡುತ್ತಿದ್ದವಳು. ಭಾನುವಾರದ ಊಟವಾದ ಮೇಲೆ ಅವಳ ತಮ್ಮ ಗಿಟಾರ್ ಹಿಡಿಯುತ್ತಿದ್ದ, ಅವಳು ದನಿ ಎತ್ತುತ್ತಿದ್ದಳು, ಎಂಜಲು ತಟ್ಟೆಗಳು ಸಂಜೆಯವರೆಗೂ ಹಾಗೇ ಬಿದ್ದಿರುತ್ತಿದ್ದವು. ತಮ್ಮನ ಹೆಸರು ಎವಿಲಾಸಿಯೋ. ಮನೆಯ ಕಡೆಯ ಕೂಸಾದ್ದರಿಂದ ಕೇರಿಗೆಲ್ಲ ಅವನು ಕಸೂಲ, ಎಂದರೆ ಕಿರಿಯ. ಅಕ್ಕನ ಐವತ್ತನೆಯ ಹುಟ್ಟುಹಬ್ಬದ ದಿನ, ನೆಂಟರಿಷ್ಟರೆಲ್ಲ ಕೂತಿರುವಾಗ, ಆ ಮಹಾನುಭಾವ "ಅಕ್ಕಾ, ಶ್ರುತಿ ಸ್ವಲ್ಪ ಇಳಿಸೋಣ. ಮೇಲಿಂದು ಈಗ ನಿನಗೆ ಎಟುಕಲ್ಲ" ಅಂದುಬಿಟ್ಟ. ಲಿಂಡಾಲ್ವಾ ಶ್ರುತಿ ಇಳಿಸಲಿಲ್ಲ, ಬಾಯಿ ಮುಚ್ಚಿದಳು. ಅಂದಿನಿಂದ ಹಾಡೂ ಇಲ್ಲ, ತಮ್ಮನ ಜೊತೆ ಮಾತೂ ಇಲ್ಲ. ಅವನ ಮನೆ ಕಸ್ಕಾದುರಾದಲ್ಲಿ, ರೈಲು ಹತ್ತಿ ಕೂತರೆ ಕೈಚೀಲ ಇಳಿಸುವಷ್ಟರಲ್ಲಿ ಬರುವ ಊರು. ಅವನೂ ಬರಲಿಲ್ಲ, ಇವಳೂ ಕರೆಯಲಿಲ್ಲ. ಈಗ ಭಾನುವಾರ ಊಟವಾದ ಕೂಡಲೇ ತಟ್ಟೆ ತೊಳೆಯುವ ಸದ್ದು ಕೇಳುತ್ತಿತ್ತು. ಇವಳು ಮತ್ತೆ ಹಾಡಬೇಕು, ನುಡಿಸುವವನು ನಾನೇ ಆಗುತ್ತೇನೆ ಎಂದು ಬಿರಾ ತೀರ್ಮಾನಿಸಿದ್ದು ಆ ಸದ್ದು ಕೇಳುತ್ತಲೇ.

ಮೂರನೆಯ ಮಹಡಿಯ ಮುದುಕ ಸೆಯು ಕಿರೀನೋ ಗುರುವಾಗಲು ಒಪ್ಪಿದ.

"ಮೂರೇ ಸ್ವರದ ಬರೀ ಮೇಜರ್ ಹಿಡಿದು ಬಾರಿಸ್ತೀಯಲ್ಲ, ಉಪ್ಪಿಲ್ಲದ ಹುರುಳಿಕಾಳು ಬೇಯಿಸಿದ ಹಾಗಿದೆ" ಎಂದ ಗುರು. "ನಮ್ಮ ಹಾಡಿಗೆ ಬೇಕಾದ್ದು ದೊಡ್ಡ ಏಳನೆಯದು. ಮೇಲಿನ ಸ ಇನ್ನೇನು ಕೈಗೆ ಸಿಕ್ತು ಅನ್ನೋವಾಗ ಅರ್ಧ ಹೆಜ್ಜೆ ಹಿಂದೇನೇ ನಿಂತುಬಿಡೋ ಸ್ವರ. ಸುಖವಾಗಿ ಕೂತಿರೋವಾಗ ದೂರದವರು ಯಾರೋ ನೆನಪಾದ್ರು, ಹಾಗಿರ್ಬೇಕು."

"ಇಷ್ಟೇ ತಾನೆ?"

"ಇಷ್ಟೇ. ಅಮ್ಮ ಅಡ್ಡ ಮಲಗಿ ಎಲ್ಲಾ ತಂತಿನೂ ಒತ್ತಬೇಕು. ಉಳಿದ ಮಕ್ಕಳು ಅವರವರ ಜಾಗದಲ್ಲಿ ನಿಲ್ಲಬೇಕು."

ಕಿರೀನೋನ ಪಾಠದಲ್ಲಿ ಬೆರಳುಗಳೆಲ್ಲ ಒಂದು ಕುಟುಂಬ. ಹೆಬ್ಬೆರಳು ಅಜ್ಜ, ತೋರುಬೆರಳು ಅಮ್ಮ, ಕಟ್ಟಕಡೆಯ ಕಿರುಬೆರಳು ಕಸೂಲ. ರಿಯೋದ ಅರ್ಧ ಜನಕ್ಕೆ ಹಲ್ಲು ಕೂರಿಸಿದ ಬಿರಾನಿಗೆ ಒಂದು ಕಸೂಲನನ್ನು ತಂತಿಯ ಮೇಲೆ ಕೂರಿಸಲಾಗಲಿಲ್ಲ! ಹೆಂಡತಿಗೆ ತಿಳಿಯದಿರಲೆಂದು ಅವನು ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದ. ಆ ಬಚ್ಚಲಿನ ಕಿಟಕಿಯೂ ಪಕ್ಕದ ಮನೆಯ ದೋನಾ ಜಂದೀರಾಳ ಅಡುಗೆಮನೆ ಕಿಟಕಿಯೂ ಕಟ್ಟಡದ ನಡುವಿನ ಒಂದೇ ಗಾಳಿಗೂಡಿಗೆ ತೆರೆಯುತ್ತಿದ್ದವು. ಒಂದು ಮಧ್ಯಾಹ್ನ ಈರುಳ್ಳಿ ಹೆಚ್ಚುತ್ತಿದ್ದ ಜಂದೀರಾಳ ಕಿವಿಗೆ ಅವನು ಫೋನಿನಲ್ಲಿ ಗೋಳಾಡುವುದು ಬಿತ್ತು.

"ಸೆಯು ಕಿರೀನೋ, ನಮ್ಮ ಕಸೂಲ ಸತ್ತೇಹೋದ! ... ಇಲ್ಲ, ಅಲ್ಲಾಡ್ತಾನೇ ಇಲ್ಲ, ತಣ್ಣಗಾಗಿದ್ದಾನೆ... ಲಿಂಡಾಲ್ವಾಗೆ ಇನ್ನೂ ಗೊತ್ತಿಲ್ಲ. ದಯವಿಟ್ಟು ಬಾಯಿಬಿಡಬೇಡಿ... ಏನಾದ್ರೂ ಆಗ್ಲಿ, ಭಾನುವಾರ ಊಟ ಆದ್ಮೇಲೆ ಏಳನೆಯದು ಮನೇಲೇ ಮಾಡಿಬಿಡ್ತೀನಿ. ದೊಡ್ಡದಾಗೇ!"

ಜಂದೀರಾ ಕಣ್ಣೊರೆಸಿಕೊಂಡಳು. ಈ ಸಲದ ಕಣ್ಣೀರು ಈರುಳ್ಳಿಯದಲ್ಲ. ಸತ್ತವರ ಏಳನೆಯ ದಿನದ ಪ್ರಾರ್ಥನೆಗೆ ಹೋಗದವರು ಮೆಯೇರ್‌ನಲ್ಲಿ ಮತ್ತೆ ಮುಖ ತೋರಿಸುವಂತಿಲ್ಲ. ಇಗರ್ಜಿ ಬಿಟ್ಟು ಮನೆಯಲ್ಲೇಕೆ ಎಂದು ಕೇಳಿದವರಿಗೆ, ಪಾಪ, ಅಕ್ಕನಿಗೆ ಮೆಲ್ಲಗೆ ತಿಳಿಸಲು ಎಂದು ಅವಳೇ ಸಮಾಧಾನ ಹೇಳಿದಳು.

ಭಾನುವಾರ ಬಂತು. ಲಿಂಡಾಲ್ವಾ ತಟ್ಟೆ ತೊಳೆಯಲು ನಿಂತಳು. ಬಿರಾ ಬೀರುವಿನ ಹಿಂದಿನಿಂದ ಗಿಟಾರ್ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ದಂಡಯಾತ್ರೆಗೆ ಹೊರಟ ದೊರೆಯಂತೆ ಒಂದು ಹೆಜ್ಜೆ ಇಟ್ಟ. ಕರೆಗಂಟೆ ಮೊಳಗಿತು.

ಬಾಗಿಲಲ್ಲಿ ಕಪ್ಪು ಬಟ್ಟೆಯ ಜಂದೀರಾ, ಕೈಯಲ್ಲಿ ಜೋಳದ ಹಿಟ್ಟಿನ ಕೇಕು. ಹಿಂದೆ ಬೇಕರಿಯವನು, ಅವನ ಹೆಂಡತಿ, ಮೆಟ್ಟಿಲ ತುಂಬ ಕಪ್ಪುಡುಗೆಯ ಜನ!

"ಧೈರ್ಯ ತಗೋ, ಲಿಂಡಾಲ್ವಾ" ಎಂದು ಜಂದೀರಾ ಅವಳನ್ನು ಸೋಪಿನ ಕೈ ಸಮೇತ ತಬ್ಬಿಕೊಂಡಳು. "ನಿನ್ನ ಗಂಡ ನಿನಗೆ ಹೇಳೋಕಾಗ್ದೆ ಒಳಗೊಳಗೇ ಎಷ್ಟು ಒದ್ದಾಡಿದಾನೋ. ಕಸೂಲ ಹೋಗ್ಬಿಟ್ಟ ಕಣಮ್ಮಾ."

"ಯಾವ ಕಸೂಲ?"

"ನಿನ್ನ ತಮ್ಮ ಕಣೇ!"

ತನ್ನ ಬೆರಳೇ ಸತ್ತವನೆಂದು ಬಿರಾನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇಷ್ಟು ಜನ ಕಪ್ಪು ಉಟ್ಟು ಬಂದಿದ್ದಾರೆಂದರೆ ಸುಳ್ಳಾಗಲು ಸಾಧ್ಯವೇ? ಅಯ್ಯೋ, ನನಗೂ ಹೇಳದೆ ಹೋದನಲ್ಲ ಎಂದು ಅವನೂ ಗಿಟಾರ್ ತಬ್ಬಿಕೊಂಡು ಅಳತೊಡಗಿದ!

ಲಿಂಡಾಲ್ವಾ ಅಳಲಿಲ್ಲ. ನೆಲದ ಮೇಲೆ ಹಾಗೇ ಕೂತುಬಿಟ್ಟಳು.

"ಅವನು ಹೇಳಿದ್ದು ನಿಜಾನೇ ಇತ್ತು, ಬಿರಾ" ಎಂದಳು. "ನನಗೆ ಎಟುಕ್ತಿರ್ಲಿಲ್ಲ. ಅದಕ್ಕೂ ಹಿಂದಿನ ವರ್ಷವೇ ಗೊತ್ತಾಗಿತ್ತು ನನಗೆ. ಅದನ್ನ ಅವನಿಗೆ ಒಂದು ಸಲ ಹೇಳಬಹುದಿತ್ತಲ್ಲ. ಒಂದೇ ಒಂದು ಸಲ."

ಬೇಕರಿಯವನು ಟೋಪಿ ಎದೆಗೆ ಒತ್ತಿಕೊಂಡ. ಅವಳು ಎದ್ದು, ಕೈ ಒರೆಸಿಕೊಂಡು, ತಮ್ಮನ ಹೆಂಡತಿಗೆ ನಾಲ್ಕು ಮಾತು ಹೇಳಲೆಂದು ಫೋನ್ ಮಾಡಿದಳು. ಅಷ್ಟು ದಿನ ಒತ್ತದ ನಂಬರು ಬೆರಳಿಗೆ ಬಾಯಿಪಾಠವಾಗಿತ್ತು.

"ಹಲೋ, ಯಾರು?" ಎಂದಿತು ಗಂಡುದನಿ.

"...ಕಸೂಲ?"

"ಅಕ್ಕಾ?"

"ನೀನು ಸತ್ತಿದ್ದೀಯ!"

"ಇಲ್ಲಕ್ಕ. ಊಟ ಮಾಡ್ತಿದ್ದೀನಿ."

"ಮುಠ್ಠಾಳ! ಜನ ಎಲ್ಲ ನಿನ್ನ ಏಳನೆಯದಕ್ಕೆ ಬಂದು ನಿಂತಿದಾರೆ, ನೀನು ಊಟ ಮಾಡ್ತಿದ್ದೀಯಾ? ಈಗಲೇ ಹೊರಟು ಬಾ. ಗಿಟಾರ್ ತಗೊಂಡು ಬಾ!"

ಫೋನ್ ಇಟ್ಟ ಮೇಲೆ ಅವಳು ಅತ್ತಳು. ಹಾಗೆ ಅಳುತ್ತಲೇ ಗಂಡನ ಕಡೆ ತಿರುಗಿ, "ಏನಿದು, ಬಿರಾ?" ಎಂದಳು. ಬಿರಾ ಬಚ್ಚಲುಮನೆಯಿಂದ ಹಿಡಿದು ಕಿರುಬೆರಳಿನ ತನಕ ಎಲ್ಲವನ್ನೂ ಒಪ್ಪಿಕೊಂಡ. ಜಂದೀರಾ ಕಿರುಬೆರಳನ್ನು ಹಿಡಿದು ನೋಡಿ, "ಇದಕ್ಕೋಸ್ಕರ ನಾನು ಕಪ್ಪು ಲಂಗ ಇಸ್ತ್ರಿ ಮಾಡಿಸಿದೆ" ಎಂದಳು.

ಕೇಕು ಮುಗಿಯುವ ಹೊತ್ತಿಗೆ ಕಸೂಲ ಬಂದ. ಮೆಟ್ಟಿಲ ಮೇಲಿದ್ದ ಮುದುಕಿಯೊಬ್ಬಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ದಾರಿ ಬಿಟ್ಟಳು. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಅದನ್ನು ನೋಡಲಾರದೆ ಬಿರಾ ಕಣ್ಣುಮುಚ್ಚಿ ತನ್ನ ದೊಡ್ಡ ಏಳನೆಯದನ್ನು ಬಾರಿಸಿಯೇಬಿಟ್ಟ. ಪವಾಡ! ಕಸೂಲ ಬೆರಳು ಜಾಗದಲ್ಲಿ ಕೂತಿತ್ತು!

ನಿಜವಾದ ಕಸೂಲ ಹಲ್ಲುನೋವು ಬಂದವನಂತೆ ಮುಖ ಹಿಂಡಿದ.

"ಭಾವ, ಇದು ದೊಡ್ಡ ಏಳಲ್ಲ, ಚಿಕ್ಕದು. ನಿನ್ನ ನಡುಬೆರಳು ಎಲ್ಲಿ?"

ಎಲ್ಲರೂ ನೋಡಿದರು. ಕಿರುಬೆರಳಿಗೆ ಅಷ್ಟೊಂದು ಉಪಚಾರ ನಡೆಯುವಾಗ ನಡುಬೆರಳು ತಂತಿ ಮುಟ್ಟದೆ ಗಾಳಿಯಲ್ಲಿ ಹಾಯಾಗಿತ್ತು. ಇಷ್ಟು ದಿನವೂ ಅದು ಅಲ್ಲೇ ಇತ್ತು!

ಲಿಂಡಾಲ್ವಾ ಮೊದಲು ನಕ್ಕಳು. ಕಸೂಲ ತನ್ನ ಗಿಟಾರ್ ತೆಗೆದು, ಅವಳನ್ನು ಏನೂ ಕೇಳದೆ, ಮೊದಲಿನದಕ್ಕಿಂತ ಎರಡು ಮನೆ ಕೆಳಗಿನ ಶ್ರುತಿಯಲ್ಲಿ ಶುರುಮಾಡಿದ. ಅವಳು ಆ ತಗ್ಗಿನ ದನಿಯಲ್ಲೇ ಹಾಡಿದಳು. ದನಿ ಮೊದಲಿನದಲ್ಲ, ಒರಟಾಗಿತ್ತು, ಕೆಲವು ಕಡೆ ಒಡೆಯಿತು. ಕಪ್ಪುಡುಗೆಯವರೆಲ್ಲ ಬಂದ ಕೆಲಸಕ್ಕೆ ಮೋಸವಾಗದಂತೆ ಮನಸಾರೆ ಅತ್ತರು. ಬಿರಾ ಗೋಡೆಗೆ ಒರಗಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳಿದ.

ಹೊರಡುವಾಗ ಕಸೂಲ ಬಾಗಿಲಲ್ಲಿ ತಡೆದು, ಅಕ್ಕನ ಮುಖ ನೋಡದೆ ಹೇಳಿದ. "ಮುಂದಿನ ಭಾನುವಾರ ಬರ್ತೀನಿ. ಭಾವನ ನಡುಬೆರಳು ಸರಿಹೋಗೋವರೆಗೂ ಬರ್ಲೇಬೇಕಲ್ಲ. ಇಂಥದ್ದನ್ನ ಕೇಳಿಯೂ ಸುಮ್ಮನಿರೋಕಾಗಲ್ಲ."

ಅವನು ಮೆಟ್ಟಿಲಿಳಿಯುವ ತನಕ ಲಿಂಡಾಲ್ವಾ ಕಾದಳು. ಆಮೇಲೆ ಗಂಡನ ಕೈ ಗಟ್ಟಿಯಾಗಿ ಹಿಡಿದು ಕಿವಿಯ ಹತ್ತಿರ ಬಂದಳು.

"ಬಿರಾ, ಆ ನಡುಬೆರಳನ್ನ ಸರಿಮಾಡಿಕೊಂಡೀಯಾ, ಜೋಕೆ!"