ಬೆಡ್‌ಶೀಟ್ ಹೊದ್ದ ಸ್ಮಾರ್ಟ್ ಬೋರ್ಡು

ಪುಣೆಯ ಶಿಕ್ಷಕಿಯರಲ್ಲಿ ಎಲ್ಲರಿಗಿಂತ ಜಿಪುಣಿ ಯಾರು ಎಂದು ಕೇಳಿದರೆ ನಾನು ನಮ್ಮ ವೈನಿಯನ್ನೇ ತೋರಿಸುತ್ತೇನೆ. ವೈನಿ ಎಂದರೆ ಅಣ್ಣನ ಹೆಂಡತಿ. ಜಿಪುಣತನ ಹಣದಲ್ಲಲ್ಲ, ಸ್ಮಾರ್ಟ್ ಬೋರ್ಡಿನಲ್ಲಿ. ಅವರು ಕಲಿಸುತ್ತಿದ್ದ ಕನ್ನಡ ಶಾಲೆಯ ಮೂರನೇ ತರಗತಿಗೆ ಬೋರ್ಡು ಬಂದ ಮರುದಿನವೇ ಹೂವಿನ ಬೆಡ್‌ಶೀಟ್ ಒಯ್ದು ಅದಕ್ಕೆ ಹೊದಿಸಿಬಂದರು. ಆ ಬೆಡ್‌ಶೀಟ್ ನನ್ನದು ಎಂಬುದು ಬೇರೆ ಮಾತು.

"ಏನ್ರಿ ಟೀಚರ್, ಹೊಸಾ ಬೋರ್ಡ್ ಮುಚ್ಚಿ ಇಟ್ಟೀರಲ್ಲ?" ಎಂದರು ಮುಖ್ಯೋಪಾಧ್ಯಾಯರು.

"ಮನ್ಯಾಗ ಮಿಕ್ಸರ್ ಅದ ಅಂತ ಚಹಾನೂ ಅದರಾಗ ಮಾಡ್ತೀರೇನ್ರಿ ಸರ?"

ಭಿನ್ನರಾಶಿಗೆ ವೈನಿ ತಮ್ಮ ಊಟದ ಡಬ್ಬಿಯ ಚಪಾತಿ ಹರಿದು ತೋರಿಸುತ್ತಿದ್ದರು. ಪಾಠ ಮುಗಿಯುವಷ್ಟರಲ್ಲಿ ಅವರ ಊಟವನ್ನು ಮಕ್ಕಳು ಮುಗಿಸಿರುತ್ತಿದ್ದರು. ಗ್ರಹಣದ ಪಾಠಕ್ಕೆ ಮಾತ್ರ ಬೆಡ್‌ಶೀಟ್ ಸರಿಯಿತು. "ಸೂರ್ಯಾ ಡಬ್ಬ್ಯಾಗ ಹಿಡಿಯಂಗಿಲ್ಲಲಾ" ಎಂಬುದು ಅವರ ವಾದ. ತಪ್ಪೆನ್ನಲಾದೀತೇ?

ಕಣ್ಣು ಮಂದವಿದ್ದ ಒಬ್ಬನಿಗೆ ಟ್ಯಾಬ್ ಕೊಟ್ಟು, ಅಕ್ಷರ ದೊಡ್ಡದು ಮಾಡಿಕೊಂಡು ಓದಲು ಕಲಿಸಿದರು. ಪಕ್ಕದವನಿಗೆ ಹೊಟ್ಟೆಕಿಚ್ಚು. "ಅವಗಷ್ಟ ಯಾಕ್ರಿ ಟೀಚರ್?"

"ಅವನ ಚಷ್ಮಾನೂ ಬೇಕೇನು? ತಗೋ, ಹಾಕ್ಕೊ."

ಹಾಕಿಕೊಂಡವನು ಬಾಗಿಲಿಗೆ ಡಿಕ್ಕಿ ಹೊಡೆದ ಮೇಲೆ ಟ್ಯಾಬಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ವೈನಿ ಸೋತದ್ದು ಒಬ್ಬ ಹುಡುಗಿಯ ಮುಂದೆ. ಉಗ್ಗುತ್ತಿದ್ದಳು, ಯಾರೋ ನಕ್ಕಿದ್ದರು, ಅಂದಿನಿಂದ ತರಗತಿಯಲ್ಲಿ ಬಾಯಿ ತೆರೆದಿರಲಿಲ್ಲ. ರಿಕ್ಷಾ ಓಡಿಸುವ ಅವಳಪ್ಪ ಬಂದು, "ಓದಾಕ ಬರಂಗಿಲ್ಲಂದ್ರ ಸಾಲಿ ಬಿಡಸ್ತೀನ್ರಿ. ಮನ್ಯಾಗ ತಂಗೀನ ನೋಡ್ಕೊತಾಳ" ಎಂದ.

"ದೀಪಾವಳಿ ತನಕ ತಡೀರಿ" ಎಂದರು ವೈನಿ.

ಹುಡುಗಿಗೆ, ಮನೆಯಲ್ಲಿ ಒಬ್ಬಳೇ ಕುಳಿತು ಅಮ್ಮನ ಫೋನಿನಲ್ಲಿ ಪಾಠ ಓದಿ, ರೆಕಾರ್ಡ್ ಮಾಡಿ ಕಳಿಸು ಎಂದರು. ಮೊದಲ ಸಂದೇಶದಲ್ಲಿ ಕುಕ್ಕರಿನ ಸೀಟಿ ಮಾತ್ರ ಕೇಳಿಸಿತು. ವೈನಿ ಉತ್ತರಿಸಿದರು: "ಭಾಳ ಛಲೋ ಆತು. ನಾಳೆ ಕುಕ್ಕರ್ ಇಳಿಸಿ ಓದು."

ಮೆಲ್ಲಗೆ ದನಿ ಬಂತು. ಒಂದು ದಿನ ಇಡೀ ಪುಟ ಓದಿದ್ದಳು. ಆ ಸಂಭ್ರಮದಲ್ಲಿ ವೈನಿ ಅದನ್ನು ಅವಳಪ್ಪನಿಗೆ ಕಳಿಸಲು ಹೋಗಿ, ಕೋಥರೂಡ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ನೀರಿನ ಟ್ಯಾಂಕರ್ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟರು. ಅರ್ಧ ಸೊಸೈಟಿ ಕೈಮುಗಿದ ಇಮೋಜಿ ಹಾಕಿತು. ಚೇರ್ಮನ್ನರು ಮಾತ್ರ, "ಆವಾಜ ಛಾನ್ ಆಹೇ, ಪಣ ಪಾಣೀ ಕಧೀ ಯೇಣಾರ?" ಎಂದು ಬರೆದರು. ದನಿ ಚೆನ್ನಾಗಿದೆ, ನೀರು ಯಾವಾಗ?

ನಕ್ಕು ನಕ್ಕು ಸಾಕಾದ ನಾನು, "ಮತ್ತೇನ್ರಿ ವೈನಿ, ಗೆದ್ದಿರಲ್ಲ" ಎಂದೆ.

"ಎಲ್ಲೀದು? ಫೋನಿನ ಮುಂದ ಓದ್ಯಾಳ. ಮನಷ್ಯಾರ ಮುಂದ ಓದಿದ್ರ ಖರೆ."

ಅದನ್ನು ನೋಡಲು ಅವರು ಉಳಿಯಲಿಲ್ಲ. ದಸರೆಯ ರಜೆಯಲ್ಲಿ, ಎದೆನೋವು ಎಂದವರು ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಆ ಹುಡುಗಿ ಅಪ್ಪನೊಡನೆ ಬಂದಳು. ಕೈಯಲ್ಲಿ ಪಠ್ಯಪುಸ್ತಕವಿತ್ತು. ನಾನು ವೈನಿಯ ಫೋನನ್ನು ಅವಳ ಮುಂದಿಟ್ಟೆ.

"ಫೋನ್ ಬ್ಯಾಡ್ರಿ ಕಾಕಾ. ನೀವ ಕೇಳ್ರಿ."

ನನ್ನ ಮುಖ ನೋಡುತ್ತ ಓದತೊಡಗಿದಳು. ಮೂರನೇ ಸಾಲಿನಲ್ಲಿ ಒಂದು ಅಕ್ಷರಕ್ಕೆ ಸಿಕ್ಕಿಬಿದ್ದಳು. ಅವಳಪ್ಪ ತಲೆ ತಗ್ಗಿಸಿದ. ಅವಳು ಉಸಿರೆಳೆದುಕೊಂಡು ದಾಟಿದಳು. ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ವೈನಿ ಹೋದಾಗಿನಿಂದ, ಮಾತಾಡಿಸಲು ಬಂದ ಯಾರ ಮುಂದೆಯೂ ಬಾರದಿದ್ದ ಅಣ್ಣ ಹೊರಗೆ ಬಂದು ಅವಳೆದುರು ನೆಲದ ಮೇಲೆ ಕುಳಿತ.

ಪಾಠ ಮುಗಿಯಿತು. ಹುಡುಗಿ ಪುಸ್ತಕ ಮುಚ್ಚಿದಳು.

ಅಣ್ಣ ಕೇಳಿದ: "ಇನ್ನೊಂದು ಪಾಠ ಅದ ಏನವಾ?"