ಅತ್ತೆ, ಸೊಸೆ ಮತ್ತು ನಡುವಿನ ಎಮ್ಮೆ

ಭಾನುವಾರ ಬೆಳಿಗ್ಗೆ ಚಹಾದ ಲೋಟ ಹಿಡಿದು ಜಂಬುನಾಥ ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದ. ಅವನ ತಾಯಿ ಬಸಕ್ಕ ಎಮ್ಮೆಯ ಮುಂದೆ ಹಿಂಡಿಯ ಬುಟ್ಟಿ ಇಟ್ಟು, ಅದರ ಬೆನ್ನು ತಟ್ಟಿ, ಅಡುಗೆಮನೆಯ ಕಿಟಕಿಗೆ ಕೇಳುವಷ್ಟು ಗಟ್ಟಿಯಾಗಿ ಮಾತಾಡಿದಳು.

"ಗಂಗಿ, ನಿನ್ನಿ ಸಾರಿನಾಗ ಉಪ್ಪಿದ್ದಿಲ್ಲವ್ವ. ಅಂಗಡ್ಯಾಗ ಉಪ್ಪು ಮಾರೋದು ಬಿಟ್ಟಾರೇನು, ಕೇಳು."

ಗಂಗಿ ಹಿಂಡಿಗೆ ಮೂತಿ ಹಾಕಿತು. ಉತ್ತರ ಕಿಟಕಿಯಿಂದ ಬಂತು.

"ಗಂಗವ್ವ, ಬಿ.ಪಿ. ಇದ್ದೋರಿಗೆ ಉಪ್ಪು ಕಮ್ಮಿ ಹಾಕ್ರಿ ಅಂತ ಡಾಕ್ಟರ್ ಹೇಳ್ಯಾರ. ಬೆಳಗಿನ ಮಾತ್ರಿ ತಗೊಂಡಾರೇನು, ಕೇಳು."

"ಈಗ ತಗೋತೀನಿ ಅಂತ ಹೇಳು, ಗಂಗಿ."

ಹೊಸಪೇಟೆಯ ಟಿ.ಬಿ. ಡ್ಯಾಂ ರಸ್ತೆಯ ಆ ಮನೆಯಲ್ಲಿ ಅತ್ತೆ ಬಸಕ್ಕ ಮತ್ತು ಸೊಸೆ ಹೇಮಾವತಿ ನೇರವಾಗಿ ಮಾತಾಡುವುದು ನಿಂತು ಎರಡು ವರ್ಷವಾಗಿತ್ತು. ಜಂಬುನಾಥನ ಮಗಳು ಅನ್ನಪೂರ್ಣಳ ಮದುವೆಯಲ್ಲಿ ಏನೋ ಆಗಿತ್ತು. ಏನಾಗಿತ್ತು ಎಂಬುದು ಇಬ್ಬರಿಗೂ ಚೆನ್ನಾಗಿ ನೆನಪಿತ್ತು. ಆದರೆ ಇಬ್ಬರಿಗೆ ನೆನಪಿದ್ದ ಸಂಗತಿಗಳು ಬೇರೆ ಬೇರೆ. ಅಂದಿನಿಂದ ಮನೆಯ ಸಕಲ ವ್ಯವಹಾರ, ಹಬ್ಬದ ಅಡುಗೆಯಿಂದ ಗ್ಯಾಸ್ ಸಿಲಿಂಡರಿನವರೆಗೆ, ಎಮ್ಮೆಯ ಮೂಲಕವೇ ನಡೆಯುತ್ತಿತ್ತು. ಜಂಬುನಾಥ ಇದಕ್ಕೆ ಒಗ್ಗಿಹೋಗಿದ್ದ. ಗಂಡಸಿಗೆ ಇದರಿಂದ ಅನುಕೂಲವೂ ಇತ್ತು: ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಆದರೆ ಅಂದು ಸಂಡೂರಿನಿಂದ ಅನ್ನಪೂರ್ಣ ಫೋನ್ ಮಾಡಿದಳು. ಅವಳಿಗೆ ಏಳು ತಿಂಗಳು ತುಂಬಿತ್ತು. ಮುಂದಿನ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಿ ಚೊಚ್ಚಲ ಹೆರಿಗೆಗೆ ಅವಳನ್ನು ಕರೆತರಬೇಕಿತ್ತು.

"ಅಪ್ಪ, ನಾ ಬರಾಂಗಿಲ್ಲ," ಎಂದಳು.

"ಯಾಕವ್ವ?"

"ಹೋದ ಸಲ ಬಂದಾಗ ಅಜ್ಜಿ ಒಂದು ಹೇಳ್ತಾಳ, ಅವ್ವ ಒಂದು ಹೇಳ್ತಾಳ, ನಾನು ಎಮ್ಮಿ ಮುಖ ನೋಡಿಕೋತ ಕುಂತಿದ್ದೆ. ಕೂಸಿಗೆ ನೀರು ಹಾಕಾಕ ಎಮ್ಮಿ ಬರತೈತೇನು? ಅವರಿಬ್ಬರೂ ಬಾಯಿಬಿಟ್ಟು ಮಾತಾಡ್ಲಿ, ಆಮ್ಯಾಲೆ ಬರ್ತೀನಿ. ಇಲ್ಲಂದ್ರ ನಮ್ಮತ್ತೀನ ಮಾಡ್ತಾರ ಬಾಣಂತನ."

ಚೊಚ್ಚಲ ಬಾಣಂತನ ಬೀಗರ ಮನೆಯಲ್ಲಾದರೆ ಓಣಿಯಲ್ಲಿ ತಲೆ ಎತ್ತುವಂತಿಲ್ಲ. ಅದು ಹಾಗಿರಲಿ, ಜಂಬುನಾಥನಿಗೆ ಮಗಳು ಮನೆಗೆ ಬರಬೇಕಿತ್ತು. ಅವನು ಸುದ್ದಿಯನ್ನು ಇಬ್ಬರಿಗೂ ಬೇರೆ ಬೇರೆಯಾಗಿ ತಿಳಿಸಿದ. ಇಬ್ಬರೂ ಕಣ್ಣೀರು ಹಾಕಿದರು. ಇಬ್ಬರೂ ಒಂದೇ ಮಾತು ಹೇಳಿದರು: "ನಂದೇನೈತಿ? ಆಕಿ ಮೊದಲು ಮಾತಾಡ್ಲಿ."

ಬೇರೆ ಯಾರಾದರೂ ಆಗಿದ್ದರೆ ಕಂಗೆಡುತ್ತಿದ್ದರು. ಜಂಬುನಾಥ ಕಂಗೆಡಲಿಲ್ಲ. ಗಾದಿಗನೂರಿನ ಹತ್ತಿರದ ಅದಿರು ಕಾರ್ಖಾನೆಯಲ್ಲಿ ಅವನು ಪಾಳಿಯ ಸೂಪರ್‌ವೈಸರ್. ಹಿಂದಿನ ವಾರವಷ್ಟೇ ಕಂಪನಿಯವರು ಸೂಪರ್‌ವೈಸರುಗಳನ್ನೆಲ್ಲ ಹೋಟೆಲಿನ ಸಭಾಂಗಣದಲ್ಲಿ ಕೂರಿಸಿ 'ಗುಂಪು ಸಂವಹನ' ಎಂಬ ತರಬೇತಿ ಕೊಡಿಸಿದ್ದರು. (ಊಟ ಚೆನ್ನಾಗಿತ್ತು. ತರಬೇತಿಯಲ್ಲಿ ಪೂರ್ಣ ಒಮ್ಮತ ಮೂಡಿದ್ದು ಆ ಒಂದು ವಿಷಯದಲ್ಲಿ.) ಕುಟುಂಬವೂ ಒಂದು ಗುಂಪೇ ಎಂದು ತರಬೇತುದಾರರು ಹೇಳಿದ್ದರು. ಅದನ್ನು ಮನಸ್ಸಿಗೆ ಹಚ್ಚಿಕೊಂಡವನು ಜಂಬುನಾಥ ಒಬ್ಬನೇ.

ಅಂದು ಸಂಜೆಯೇ ಅವನು ಮನೆಯಲ್ಲಿ ಸಭೆ ಕರೆದ. ಕುರ್ಚಿಗಳನ್ನು ದುಂಡಗೆ ಹಾಕಿದ. ತರಬೇತಿಯ ನಿಯಮದಂತೆ ಒಂದು ವಸ್ತು ಯಾರ ಕೈಯಲ್ಲಿ ಇರುತ್ತದೋ ಅವರಷ್ಟೇ ಮಾತಾಡಬೇಕು. ಕೈಗೆ ಸಿಕ್ಕಿದ್ದು ಸಾರಿನ ಸೌಟು. ಅದನ್ನು ಹಿರಿಯಳೆಂದು ಬಸಕ್ಕನ ಕೈಗೆ ಕೊಟ್ಟ.

ಬಸಕ್ಕ ಸೌಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಕಿಟಕಿಯತ್ತ ಮುಖ ಮಾಡಿದಳು.

"ಗಂಗಿ, ಸೌಟಿಗೆ ಜಿಡ್ಡು ಹಂಗ ಐತವ್ವ."

"ಗಂಗವ್ವ," ಎಂದಳು ಹೇಮಾವತಿ, "ಆ ಸೌಟು ಈ ಕಡೆ ಕೊಡಾಕ ಹೇಳು. ಒಲಿ ಮ್ಯಾಲೆ ಸಾರು ಹೊತ್ತಾಕ ಹತ್ತೈತಿ."

"ಸೌಟು ಕೈಯಾಗ ಇದ್ದೋರು ಮಾತ್ರ ಮಾತಾಡಬೇಕು!" ಎಂದ ಜಂಬುನಾಥ.

"ನಿನ್ನ ಕೈಯಾಗೂ ಇಲ್ಲಲ್ಲಲೇ, ಜಂಬ್ಯಾ," ಎಂದಳು ತಾಯಿ.

ಸಾರು ಹೊತ್ತಿತು. ಸಭೆ ಬರಖಾಸ್ತಾಯಿತು. ಸೀದ ಸಾರನ್ನು ಉಣ್ಣುತ್ತ ಕುಳಿತಾಗ ಅವನಿಗೆ ತರಬೇತಿಯ ಎರಡನೆಯ ದಿನದ ಪಾಠ ನೆನಪಾಯಿತು. ಮಾತು ಮಧ್ಯವರ್ತಿಯ ಮೂಲಕ ಹೋದಷ್ಟೂ ಕೆಡುತ್ತದೆ. ಮಧ್ಯವರ್ತಿಯನ್ನು ತೆಗೆದರೆ ಜನ ತಾವಾಗಿಯೇ ಎದುರುಬದುರಾಗುತ್ತಾರೆ. ಜಂಬುನಾಥ ತುತ್ತನ್ನು ಕೈಯಲ್ಲೇ ಹಿಡಿದು ಕಿಟಕಿಯಾಚೆ ನೋಡಿದ. ಮಧ್ಯವರ್ತಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು.

ಕಂಪ್ಲಿಯಲ್ಲಿ ಹೇಮಾವತಿಯ ತಮ್ಮ ಎರ್ರಿಯಪ್ಪನಿಗೆ ಕಾಲುವೆ ನೀರಿನ ಗದ್ದೆಯಿತ್ತು, ಬದುವಿನ ತುಂಬ ಹಸಿ ಹುಲ್ಲಿತ್ತು. "ಒಂದೀಟು ದಿನ ಮೇಯ್ಲಿ ಕಳಸ್ರಿ ಮಾವ, ಅದಕ್ಕೇನಂತ," ಎಂದ ಅವನು ಫೋನಿನಲ್ಲಿ. ಮಂಗಳವಾರ ಅತ್ತೆ ಸೊಸೆ ಸಂತೆಗೆ (ಬೇರೆ ಬೇರೆ ಆಟೋದಲ್ಲಿ) ಹೋಗಿದ್ದಾಗ ಟೆಂಪೋ ಬಂದು ಗಂಗಿಯನ್ನು ಏರಿಸಿಕೊಂಡು ಹೋಯಿತು.

ಮರಳಿ ಬಂದ ಇಬ್ಬರೂ ಖಾಲಿ ಗೂಟವನ್ನು ನೋಡಿದರು. ಜಂಬುನಾಥ ಹಸಿ ಹುಲ್ಲಿನ ಮಹಿಮೆಯನ್ನು ವಿವರಿಸಿದ. ಇಬ್ಬರೂ ಏನೋ ಹೇಳಲು ಬಾಯಿ ತೆರೆದರು. ಹೇಳಲು ಎದುರಿಗೆ ಯಾರೂ ಇರಲಿಲ್ಲವಾದ್ದರಿಂದ ಮುಚ್ಚಿದರು. ಆ ಮೌನವನ್ನು ಕಂಡು ಅವನಿಗೆ ಸಮಾಧಾನವಾಯಿತು. ಮೊದಲು ಮೌನ, ನಂತರ ಸಂವಾದ ಎಂದೇ ತರಬೇತಿಯಲ್ಲಿ ಹೇಳಿದ್ದರು.

ಸಂವಾದ ಮರುದಿನ ಬೆಳಿಗ್ಗೆಯೇ ಶುರುವಾಯಿತು.

"ಲೇ ಜಂಬ್ಯಾ," ಎಂದಳು ಬಸಕ್ಕ, ಜಗುಲಿಯಿಂದ. "ಒಳಗ ಎಳ್ಳು ಹುರಿದ ವಾಸನಿ ಬರಾಕ ಹತ್ತೈತಿ. ಬಸುರಿ ಹುಡುಗಿಗೆ ಯಾವಾಕಿ ಎಳ್ಳುಂಡಿ ಕಟ್ಟತಾಳ? ಎಳ್ಳು ಉಷ್ಣ ಅನ್ನೋದು ಗೊತ್ತಿಲ್ಲೇನು? ಆಕಿ ತಲಿಯಾಗ ಏನೈತಿ, ಕೇಳಿಕೊಂಡು ಬಾ."

ಜಂಬುನಾಥ ಅಡುಗೆಮನೆಯವರೆಗೆ ನಡೆದ. ಇದ್ದದ್ದನ್ನು ಇದ್ದಂತೆ ಹೇಳಿದರೆ ಭಾನುವಾರದ ಗತಿ ಏನಾದೀತು ಎಂಬುದು ಹೊಸ್ತಿಲಲ್ಲಿ ಹೊಳೆಯಿತು. ಒರಟು ಮಾತನ್ನು ನಯಗೊಳಿಸಿ ತಲುಪಿಸುವುದು ಉತ್ತಮ ನಾಯಕನ ಲಕ್ಷಣ.

"ಅವ್ವ ಎಳ್ಳುಂಡಿ ವಾಸನಿ ತಗೊಂಡ್ಲು," ಎಂದ. "ಮಸ್ತ್ ಐತಂತ."

ಹೇಮಾವತಿ ಹುಬ್ಬೇರಿಸಿದಳು. "ಹೌದೇನು? ಹಂಗಾದ್ರ ಇಷ್ಟು ಸಾಲಾಂಗಿಲ್ಲ. ಇನ್ನೊಂದೀಟು ಎಳ್ಳು ತಂದುಕೊಡ್ರಿ." ಆಮೇಲೆ ಅವಳ ಸರದಿ. "ಮಾತ್ರಿ ತಗೊಂಡಾರೇನು ಕೇಳ್ರಿ. ಬಿ.ಪಿ. ಏರಿಸಿಕೊಂಡು ಮಲಗಿದ್ರ ಬಾಣಂತಿ ನೋಡ್ಲೋ, ಇವರನ್ನ ನೋಡ್ಲೋ? ನನಗೇನು ನಾಕು ಕೈ ಅದಾವೇನು?"

ಇದನ್ನೂ ಅವನು ಜಗುಲಿಗೆ ತಲುಪುವಷ್ಟರಲ್ಲಿ ನಯಗೊಳಿಸಿದ. "ನಿನ್ನ ಆರೋಗ್ಯ ಹೆಂಗೈತಿ ಅಂತ ಕೇಳ್ಯಾಳವ್ವ."

"ಚಲೋ ಐತಿ ಅನ್ನು," ಎಂದಳು ಬಸಕ್ಕ, ಸ್ವಲ್ಪ ಅನುಮಾನದಿಂದ.

ಗುರುವಾರದ ಹೊತ್ತಿಗೆ ಜಂಬುನಾಥ ನುರಿತಿದ್ದ. 'ನಿಮ್ಮವ್ವಗ ಬುದ್ಧಿ ಇಲ್ಲ' ಎಂಬುದು 'ನಿನ್ನ ಅನುಭವ ದೊಡ್ಡದಂತ' ಆಗುತ್ತಿತ್ತು. 'ಪ್ಯಾಕೆಟ್ ಹಾಲಿನ ಚಾ ಅಲ್ಲ, ಲೋಟ ತೊಳದ ನೀರು' ಎಂಬುದು 'ಚಾ ಹಗುರಾಗೈತಂತ' ಆಗುತ್ತಿತ್ತು. ಮನೆಯಲ್ಲಿ ಇಷ್ಟೊಂದು ಸೌಹಾರ್ದ ಹಿಂದೆಂದೂ ಇರಲಿಲ್ಲ. ಅದೆಲ್ಲವೂ ಜಗುಲಿಗೂ ಅಡುಗೆಮನೆಗೂ ನಡುವಿನ ಮೂರು ಮಾರು ಜಾಗದಲ್ಲಿ ಹುಟ್ಟುತ್ತಿತ್ತು.

ಅಂದು ಸಂಜೆ ಅವನು ಕೆಲಸ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದ. ಬಸಕ್ಕ ಉಪ್ಪಿನಕಾಯಿ ಹುಡುಕಲು ಅಡುಗೆಮನೆಗೆ ಹೋದಳು. ಅಲ್ಲಿ ಡಬ್ಬಿಯೊಂದರ ಮುಚ್ಚಳ ತೆರೆದಳು. ಅಂಚಿನವರೆಗೆ ಎಳ್ಳುಂಡೆ.

"ಹೇಮಿ!"

ಎರಡು ವರ್ಷದ ನಂತರ ಆ ಹೆಸರು ಆ ಬಾಯಿಂದ ಬಂದಿತ್ತು. ಜಂಬುನಾಥ ಒಂದು ಬೂಟು ಕಾಲಲ್ಲಿಟ್ಟುಕೊಂಡೇ ಸಂತೋಷದಿಂದ ಎದ್ದು ನಿಂತ.

"ಬ್ಯಾಡ ಅಂತ ಹೇಳಿ ಕಳಿಸಿದ್ರೂ ಡಬ್ಬಿ ತುಂಬ ಮಾಡೀಯಲ್ಲ, ಹೊಟ್ಟಿಯಾಗಿನ ಕೂಸಿನ ಮ್ಯಾಲೆ ಏನು ಸಿಟ್ಟು ನಿನಗ?"

"ಯಾರು ಬ್ಯಾಡ ಅಂದ್ರು? ಮಸ್ತ್ ಐತಿ ಅಂದಿರಂತ! ಅದಕ್ಕ ಮತ್ತೊಂದು ಸಲ ಕಟ್ಟಿದೆ. ಇವು ಅನ್ನಪೂರ್ಣಗ ಅಲ್ಲ ಅತ್ತಿ, ನಿಮಗ. ಎಳ್ಳುಂಡಿ ತಿಂದು ಯಾವ ಕಾಲ ಆತೋ ಅಂತ ಹೋದ ವಾರ ಗಂಗಿ ಮುಂದ ನೀವ ಅಂದಿದ್ರಿ."

ಬಸಕ್ಕ ಡಬ್ಬಿಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು. ದನಿ ಇಳಿಯಿತು. "ಅದನ್ನ ಕೇಳಿಸಿಕೊಂಡಿದ್ದೇನು?"

"ಗಂಗಿ ಮುಂದ ಅಂದಿದ್ದು ಯಾವುದು ಕೇಳಿಸಿಲ್ಲ ನನಗ? ಅದಿರಲಿ, ಮಾತ್ರಿ ತಗೊಂಡೀರಿಲ್ಲೋ? ನಿನ್ನಿಯಿಂದ ಕೇಳಿ ಕಳಿಸೀನಿ."

"ಮಾತ್ರಿ ಅಂತ ಎಲ್ಲಿ ಕೇಳೀದಿ? ಆರೋಗ್ಯ ಹೆಂಗೈತಿ ಅಂತ ಕೇಳೀದಿ. ಗಂಗಿ ಹೋದಾಗಿಂದ ಯಾರೂ ನೆನಪು ಮಾಡಿಲ್ಲ, ನಾ ತಗೊಂಡೂ ಇಲ್ಲ."

ಅತ್ತೆ ಸೊಸೆ ಇಬ್ಬರೂ ನಿಧಾನವಾಗಿ ಜಂಬುನಾಥನ ಕಡೆ ತಿರುಗಿದರು.

ಮುಂದಿನ ಅರ್ಧ ತಾಸು ಆ ಮನೆಯಲ್ಲಿ ಸಂವಹನ ಅಡೆತಡೆಯಿಲ್ಲದೆ ನಡೆಯಿತು. ಇಬ್ಬರೂ ಪಡಸಾಲೆಯಲ್ಲಿ ಕುಳಿತು, ಹೇಳಿ ಕಳಿಸಿದ ಒಂದೊಂದು ಮಾತನ್ನೂ ತಲುಪಿದ ಮಾತಿನೊಂದಿಗೆ ತಾಳೆ ನೋಡಿದರು. 'ನಿನ್ನ ಅನುಭವ ದೊಡ್ಡದಂತ' ಎಂಬುದರ ಮೂಲ ತಿಳಿದಾಗ ಬಸಕ್ಕ ಸಿಟ್ಟಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಒಂದು ಎಳ್ಳುಂಡೆ ಬಾಯಿಗೆ ಹಾಕಿಕೊಂಡು ಮಾತ್ರೆ ನುಂಗಿದಳು.

"ಎಮ್ಮಿ ಚಲೋ ಇತ್ತು ಬಿಡು," ಎಂದಳು. "ಒಂದಕ್ಷರ ಬದಲು ಮಾಡ್ತಿದ್ದಿಲ್ಲ."

ಹೇಮಾವತಿ ಮಗಳಿಗೆ ಫೋನ್ ಹಚ್ಚಿದಳು. ಅತ್ತ ಕಡೆಯಿಂದ ಅನ್ನಪೂರ್ಣಳಿಗೆ ಹಲೋ ಎನ್ನಲೂ ಸಂದು ಸಿಗಲಿಲ್ಲ.

"ಇಬ್ರೂ ಒಮ್ಮಿಗೇ ಮಾತಾಡಬ್ಯಾಡ್ರಿ, ನನಗ ಏನೂ ತಿಳಿಯವಲ್ದು!" ಎಂದು ಕೂಗಿದಳು. ಆಮೇಲೆ, "ಬರ್ತೀನಿ, ಭಾನುವಾರ ಜಲ್ದಿ ಬರ್ರಿ," ಎಂದಳು. ಜಂಬುನಾಥ ಉಳಿದ ಬೂಟನ್ನೂ ಬಿಚ್ಚಿಟ್ಟು, ಸಿಗಬೇಕಾದ ಶ್ರೇಯಸ್ಸನ್ನು ಕೇಳಿಯೇ ಬಿಡೋಣವೆಂದು ಮುಂದೆ ಬಂದ.

"ನೋಡಿದ್ರೇನು? ಮಧ್ಯವರ್ತಿ ತೆಗೆದ್ರ ಸರಿ ಹೋಗತೈತಿ ಅಂತ ತರಬೇತ್ಯಾಗ ಹೇಳಿದ್ರು. ಆತೋ ಇಲ್ಲೋ?"

ಬಸಕ್ಕ ಮಗನ ಮುಖ ನೋಡಲಿಲ್ಲ. ಸೊಸೆಯತ್ತ ಬಾಗಿದಳು.

"ಹೇಮಿ, ಎಮ್ಮಿ ಯಾವಾಗ ತರ್ತಾನ ಅಂತ ಕೇಳು. ಬಸುರಿ ಹುಡುಗಿಗೆ ಪ್ಯಾಕೆಟ್ ಹಾಲು ಕುಡಿಸಾಂಗಿಲ್ಲ ನಾನು."

"ನೀವ ಕೇಳ್ರಿ ಅತ್ತಿ," ಎಂದಳು ಹೇಮಾವತಿ. "ನಾ ಅವರ ಕೂಡ ಮಾತಾಡಾಂಗಿಲ್ಲ."

ಶನಿವಾರ ರಜೆ ಹಾಕಿ ಜಂಬುನಾಥ ಕಂಪ್ಲಿಯ ಬಸ್ಸು ಹತ್ತಿದ. ಸಂಜೆಯ ಹೊತ್ತಿಗೆ ಟೆಂಪೋದ ಹಿಂಭಾಗದಲ್ಲಿ ಹಗ್ಗ ಹಿಡಿದು ನಿಂತುಕೊಂಡು ಗಂಗಿಯೊಂದಿಗೆ ಊರಿಗೆ ಬಂದ. ಭಾನುವಾರ ಸಂಡೂರಿಗೆ ಹೊರಟ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆ ಒತ್ತಿಕೊಂಡು ಕುಳಿತರು. ಮುಂದಿನ ಸೀಟಿನಲ್ಲಿ ಬುತ್ತಿಯ ಗಂಟುಗಳಿದ್ದವು. ಹಾಲು ಕರೆಯಲು ಮನೆಯಲ್ಲಿ ಒಬ್ಬರು ಇರಲೇಬೇಕಾದ್ದರಿಂದ ಜಂಬುನಾಥ ಉಳಿದುಕೊಂಡ.